ಕ್ಯಾನ್ವಾಸ್ ಗೋಡೆ, ಎದುರಿಗೆ ಕಬಿನಿ

ಆಫ್ರಿಕಾದ ಒಕವಾಂಗೊ ಜೌಗುನಾಡಿನ ಸಫಾರಿ ಟೆಂಟ್ ನೋಡಿ ಆಸೆಯಾಯ್ತಾ? ಮಂಗಳೂರಿನ ಫಳ್ನೀರಿನಿಂದ ಹೊರಟು ಸುಳ್ಯ, ಮಡಿಕೇರಿ, ಹುಣಸೂರು ದಾಟಿ, ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಬನ್ನಿ. ಕಬಿನಿ ಹಿನ್ನೀರಿನ ದಂಡೆಯಲ್ಲೇ ಸರ್ಕಾರದ ಜಂಗಲ್ ಲಾಡ್ಜಸ್‌ನ ಟೆಂಟ್ ಕಾಟೇಜುಗಳಿವೆ. ಗೋಡೆ ಕ್ಯಾನ್ವಾಸು, ಒಳಗೆ ಮಂಚ, ಬಾತ್‌ರೂಮು ಎಲ್ಲಾ ಇದೆ.

ಯಾವಾಗ ಹೋಗಬೇಕು? ಮಾರ್ಚ್‌ನಿಂದ ಮೇ. ಬೇಸಿಗೆಯಲ್ಲಿ ಕಾಡಿನ ಕೆರೆಗಳು ಬತ್ತುತ್ತವೆ. ಕಬಿನಿಯ ಬೀಚನಹಳ್ಳಿ ಅಣೆಕಟ್ಟಿನ ಹಿನ್ನೀರು ಇಳಿದ ಜಾಗದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಒಕವಾಂಗೊದಲ್ಲೂ ಹಾಗೆಯೇ: ಅಂಗೋಲಾದ ಮಳೆನೀರು ಅಲ್ಲಿಗೆ ತಲುಪುವುದೇ ಒಣ ತಿಂಗಳುಗಳಲ್ಲಿ, ಪ್ರಾಣಿಗಳು ಸೇರುವುದೂ ಆಗಲೇ.

ಬುಕ್ ಮಾಡುವ ಮೊದಲು ಸಫಾರಿ ನಡೆಯುತ್ತಿದೆಯೇ ಕೇಳಿಕೊಳ್ಳಿ. ಹುಲಿ ದಾಳಿ ಹೆಚ್ಚಾದಾಗ ಅರಣ್ಯ ಇಲಾಖೆ ನಿಲ್ಲಿಸುವುದುಂಟು. ಕಾಡೊಳಗೆ ಮೆಲ್ಲಗೆ ಮಾತಾಡಿ, ಆನೆಗೆ ದಾರಿ ಬಿಡಿ.