ಒಂದೇ ಗಾಯ, ಬೇರೆ ಬೇರೆ ಪರಿಹಾರ

ಪ್ರಶ್ನೆ: ಲಾರಿ ಅಪಘಾತದಲ್ಲಿ ಇಬ್ಬರು ಎಡಗೈ ಕಳೆದುಕೊಂಡರೆ ಇಬ್ಬರಿಗೂ ಒಂದೇ ಮೊತ್ತದ ಪರಿಹಾರ ಸಿಗುತ್ತದೆಯೇ? ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ ಏನು ಗತಿ?

ಉತ್ತರ: ಒಂದೇ ಮೊತ್ತ ಸಿಗಬೇಕೆಂದಿಲ್ಲ. ಅಪಘಾತ ಪರಿಹಾರದ ನ್ಯಾಯಮಂಡಳಿ ನೋಡುವುದು ಕೈಯನ್ನಷ್ಟೇ ಅಲ್ಲ, ಆ ಕೈ ದುಡಿಯುತ್ತಿದ್ದ ದುಡಿಮೆಯನ್ನು. 2010ರಲ್ಲಿ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ವೈದ್ಯರು ಅಂಗವೈಕಲ್ಯ ಶೇ. 60 ಎಂದು ಬರೆದರೂ, ಬಡಗಿಗೋ ಚಾಲಕನಿಗೋ ಗಳಿಕೆಯ ನಷ್ಟ ಶೇ. 100ರ ಹತ್ತಿರ ಹೋಗಬಹುದು; ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ನನ್ನ ದೃಷ್ಟಿಯಲ್ಲಿ ಇದು ಮಾನವೀಯ ಲೆಕ್ಕ. ಆದ್ದರಿಂದ ವೈದ್ಯಕೀಯ ಪ್ರಮಾಣಪತ್ರದ ಜೊತೆಗೆ ನೀವು ಮಾಡುತ್ತಿದ್ದ ಕೆಲಸ, ಬರುತ್ತಿದ್ದ ಆದಾಯಕ್ಕೂ ಸಾಕ್ಷಿ ಒದಗಿಸಿ. ಆಸ್ಪತ್ರೆಯ ಒಂದು ಚೀಟಿಯನ್ನೂ ಎಸೆಯಬೇಡಿ.

ಲೈಸೆನ್ಸ್ ವಿಚಾರ: ಅದು ಲಾರಿ ಮಾಲೀಕ ಮತ್ತು ವಿಮಾ ಕಂಪನಿಯ ನಡುವಿನ ತಕರಾರು. ಲಾರಿಗೆ ವಿಮೆ ಇದ್ದಲ್ಲಿ, ಮೊದಲು ಗಾಯಾಳುವಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವಂತೆ ಕಂಪನಿಗೆ ಆದೇಶಿಸಬಹುದು. 2004ರ ಸ್ವರಣ್ ಸಿಂಗ್ ತೀರ್ಪು ಈ ದಾರಿಯನ್ನು ಗಟ್ಟಿಗೊಳಿಸಿತು.

ಡಿಕ್ಕಿ ಹೊಡೆದು ಪರಾರಿಯಾದ ಲಾರಿ ಪತ್ತೆಯಾಗದಿದ್ದರೂ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ.

ಅಪಘಾತ ದೂರದಲ್ಲಾಗಿದ್ದರೂ ನಿಮ್ಮ ವಾಸಸ್ಥಳದ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಇದಕ್ಕೆ ಅಪಘಾತದ ದಿನದಿಂದ 6 ತಿಂಗಳ ಗಡುವು ಹೇಳುತ್ತದೆ, ತಡಮಾಡಬೇಡಿ. ವಕೀಲರಿಗೆ ಕೊಡಲು ಹಣವಿಲ್ಲವೇ? ಮಹಿಳೆಯರು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಕಾನೂನು ನೆರವು ಉಚಿತ. ಸಹಾಯವಾಣಿ ಸಂಖ್ಯೆ 15100.