ಬ್ಲೂಮಿಂಗ್ಟನ್ನಿನ ಗುರುಪರಂಪರೆ

ಅಮೆರಿಕದ ಇಂಡಿಯಾನಾ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಸೌಧಕ್ಕೆ ಹೊದಿಸಿದ ಸುಣ್ಣಕಲ್ಲು ದೊರೆತ ಗಣಿಗಳ ಸೀಮೆಯಲ್ಲಿ, ಬ್ಲೂಮಿಂಗ್ಟನ್ ಎಂಬ ವಿದ್ಯಾನಗರವಿದೆ. ಬ್ಯಾಸ್ಕೆಟ್‌ಬಾಲಿನ ಮೇಲೆ ಆ ನಾಡಿನ ಜನಕ್ಕಿರುವ ಪ್ರೀತಿ ಆರಾಧನೆಗೆ ಸಮೀಪವಾದದ್ದು. ಅದರಿಂದ ಮಿಕ್ಕ ಉತ್ಸಾಹ ಅಮೆರಿಕನ್ ಫುಟ್‌ಬಾಲಿನ ಪಾಲಾಗುತ್ತದೆ. ಇಂತಹ ನೆಲದಲ್ಲಿ, ನಾವು ಕಾಲ್ಚೆಂಡಾಟವೆಂದೂ ಅವರು ಸಾಕರ್ ಎಂದೂ ಕರೆಯುವ ಆಟ ಬೇರೂರಿ, ಇಂಡಿಯಾನಾ ವಿಶ್ವವಿದ್ಯಾನಿಲಯದ ಪುರುಷರ ತಂಡ ಎಂಟು ಬಾರಿ ರಾಷ್ಟ್ರದ ಅಗ್ರಪ್ರಶಸ್ತಿಯನ್ನು ಪಡೆಯುವಂತಾದುದು ಕ್ರೀಡಾಸಕ್ತರು ವಿಚಾರಿಸಿ ತಿಳಿಯತಕ್ಕ ಸಂಗತಿ. ವಿಚಾರಿಸಿದವರಿಗೆ ಆಟಗಾರರ ಹೆಸರುಗಳಿಗಿಂತ ಮೊದಲು ಎದುರಾಗುವುದು ಮೂವರು ಶಿಕ್ಷಕರ ಹೆಸರು: ಜೆರಿ ಯೇಗ್ಲಿ, ಮೈಕ್ ಫ್ರೈಟಾಗ್, ಟಾಡ್ ಯೇಗ್ಲಿ.

ಜೆರಿ ಯೇಗ್ಲಿಯವರು ಪೆನ್ಸಿಲ್ವೇನಿಯಾದ ಮೈಯರ್ಸ್‌ಟೌನ್ ಎಂಬ ಸಣ್ಣ ಊರಿನವರು. ಅದೇ ಸಂಸ್ಥಾನದ ವೆಸ್ಟ್ ಚೆಸ್ಟರ್ ಕಾಲೇಜಿನಲ್ಲಿ ಓದುತ್ತಿದ್ದಾಗ, ಮೆಲ್ ಲೋರ್‌ಬ್ಯಾಕ್ ಎಂಬ ಶಿಕ್ಷಕರ ಕೈಕೆಳಗೆ ಪಳಗಿ, 1961ರಲ್ಲಿ ಅಂದಿನ ಅಜೇಯಪ್ರಾಯ ತಂಡವಾಗಿದ್ದ ಸೇಂಟ್ ಲೂಯಿಸ್ ವಿಶ್ವವಿದ್ಯಾನಿಲಯವನ್ನು ಅಂತಿಮ ಪಂದ್ಯದಲ್ಲಿ ಸೋಲಿಸಿದ ತಂಡದಲ್ಲಿ ಆಡಿದವರು. ಎರಡು ವರ್ಷಗಳ ತರುವಾಯ, 1963ರಲ್ಲಿ, ದೇಹಶಿಕ್ಷಣದ ಅಧ್ಯಾಪಕರಾಗಿ ಬ್ಲೂಮಿಂಗ್ಟನ್ನಿಗೆ ಬಂದರು. ಆಗ ಅವರಿಗಿನ್ನೂ ಇಪ್ಪತ್ತಮೂರರ ಆಸುಪಾಸಿನ ವಯಸ್ಸು. ಅಲ್ಲಿ ಅವರ ವಶಕ್ಕೆ ಬಂದದ್ದು ವಿಶ್ವವಿದ್ಯಾನಿಲಯದ ಅಧಿಕೃತ ತಂಡವಲ್ಲ. ವಿದ್ಯಾರ್ಥಿಗಳು ತಮ್ಮ ಸಂತೋಷಕ್ಕಾಗಿ ಕಟ್ಟಿಕೊಂಡಿದ್ದ ಒಂದು ಕ್ಲಬ್ಬು.

ಅಮೆರಿಕದ ಕಾಲೇಜುಗಳಲ್ಲಿ ಈ ಭೇದ ಸಾಮಾನ್ಯವಾದುದಲ್ಲ. ಅಧಿಕೃತವೆಂದು ಅಂಗೀಕೃತವಾದ ತಂಡಕ್ಕೆ ಕ್ರೀಡಾವಿಭಾಗದ ಆಯವ್ಯಯದಲ್ಲಿ ಪಾಲುಂಟು, ವಿದ್ಯಾರ್ಥಿವೇತನಗಳುಂಟು, ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶವುಂಟು. ಕ್ಲಬ್ಬಿಗೆ ಇವು ಯಾವುವೂ ಇಲ್ಲ. ಹೀಗೆ ಹತ್ತು ವರ್ಷ, ಎಂದರೆ ಒಬ್ಬ ತರುಣ ಅಧ್ಯಾಪಕನ ವೃತ್ತಿಯ ಅತ್ಯಂತ ಹುರುಪಿನ ಕಾಲವನ್ನೆಲ್ಲ, ಯಾವ ದಾಖಲೆಯ ಪುಸ್ತಕಕ್ಕೂ ಏರದ ಪಂದ್ಯಗಳಿಗಾಗಿ ಯೇಗ್ಲಿಯವರು ವ್ಯಯಿಸಿದರು. ಅಂಗೀಕಾರ ದೊರೆತದ್ದು 1973ರಲ್ಲಿ. ಅಲ್ಲಿಂದ 2003ರ ವರೆಗಿನ ಅವರ ಲೆಕ್ಕ ಹೀಗಿದೆ: 544 ಜಯ, 101 ಸೋಲು, 45 ಸಮ. ಕ್ಲಬ್ಬಿನ ಕಾಲದ ಜಯಗಳು ಈ ಸಂಖ್ಯೆಯಲ್ಲಿ ಸೇರಿಲ್ಲ. ಯೇಗ್ಲಿಯವರ ಸಾಧನೆಯನ್ನು ತೂಗಬೇಕಾದವರು ಆ ಸೇರದ ಹತ್ತು ವರ್ಷಗಳಿಂದಲೇ ಆರಂಭಿಸಬೇಕೆಂದು ನನಗೆ ತೋರುತ್ತದೆ. ಏಕೆಂದರೆ ಫಲದ ಭರವಸೆಯಿಲ್ಲದ ಕಾಲದಲ್ಲಿ ಅವರು ರೂಢಿಸಿದ ಶಿಸ್ತೇ ಮುಂದೆ ಫಲ ಬಂದಾಗ ತಂಡದ ಸ್ವಭಾವವಾಗಿ ಉಳಿಯಿತು.

ಆ ಸ್ವಭಾವದ ಪರೀಕ್ಷೆಯೂ ಬೇಗನೆ ಒದಗಿತು. ಅಂಗೀಕಾರ ದೊರೆತ ಮೂರೇ ವರ್ಷಗಳಲ್ಲಿ, 1976ರಲ್ಲಿ, ಇಂಡಿಯಾನಾ ಅಂತಿಮ ಪಂದ್ಯವನ್ನು ಮುಟ್ಟಿ ಸ್ಯಾನ್‌ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯಕ್ಕೆ ಸೋತಿತು. 1978ರಲ್ಲಿ ಮತ್ತೆ ಅಂತಿಮ ಪಂದ್ಯ, ಎದುರಾಳಿ ಅದೇ ಸ್ಯಾನ್‌ಫ್ರಾನ್ಸಿಸ್ಕೋ, ಫಲವೂ ಅದೇ. 1980ರಲ್ಲಿ ಮೂರನೆಯ ಬಾರಿಯೂ ಅದೇ ತಂಡದೆದುರು ಹೆಚ್ಚುವರಿ ಅವಧಿಯವರೆಗೆ ಹೋರಾಡಿ 3–4ರಿಂದ ಸೋಲು. ಐದು ವರ್ಷಗಳೊಳಗೆ ಒಬ್ಬನೇ ಎದುರಾಳಿಯಿಂದ ಮೂರು ಬಾರಿ ಪ್ರಶಸ್ತಿಯ ಹೊಸ್ತಿಲಲ್ಲಿ ತಡೆಯಲ್ಪಟ್ಟ ಶಿಕ್ಷಕರು ತಮ್ಮ ವಿಧಾನವನ್ನೇ ಸಂದೇಹಿಸಿ, ಕಟ್ಟಿದ್ದನ್ನು ಕೆಡವಿ ಮತ್ತೊಂದಕ್ಕೆ ಕೈಹಾಕುವುದುಂಟು. ಯೇಗ್ಲಿಯವರು ಹಾಗೆ ಮಾಡಲಿಲ್ಲ. 1982ರ ಡಿಸೆಂಬರಿನಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲಿನಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದೊಡನೆ ನಡೆದ ಅಂತಿಮ ಪಂದ್ಯ ತೊಂಬತ್ತು ನಿಮಿಷಗಳಲ್ಲಿ ಮುಗಿಯದೆ, ಹೆಚ್ಚುವರಿ ಅವಧಿಗಳ ಮೇಲೆ ಅವಧಿಗಳಾಗಿ ಬೆಳೆದು, ಎಂಟನೆಯದರಲ್ಲಿ ಗ್ರೆಗ್ ಥಾಮ್ಸನ್ ಎಂಬ ರಕ್ಷಣಾ ಆಟಗಾರ ತನ್ನ ಎರಡನೆಯ ಗೋಲನ್ನು ಹೊಡೆದಾಗ ಕೊನೆಗೊಂಡಿತು. ಮೊದಲ ಪ್ರಶಸ್ತಿ ಬಂದದ್ದು ಹೀಗೆ. ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಗೆದ್ದು ಅದನ್ನು ಉಳಿಸಿಕೊಂಡರು. 1988, 1998, 1999ರಲ್ಲಿ ಮತ್ತೆ ಮೂರು ಬಂದುವು.

ಕಾಲೇಜು ತಂಡದ ಶಿಕ್ಷಕನ ಕಷ್ಟ ವೃತ್ತಿಪರ ತಂಡದ ಶಿಕ್ಷಕನಿಗೆ ತಿಳಿಯದು. ವಿದ್ಯಾರ್ಥಿ ನಾಲ್ಕು ಋತುಗಳು ಮಾತ್ರ ಆಡಬಲ್ಲ; ಆದುದರಿಂದ ತಂಡವು ಪರಿಪಕ್ವವಾಯಿತೆಂದು ತೋರುವ ಗಳಿಗೆಯಲ್ಲಿಯೇ ಅದರ ಉತ್ತಮಾಂಶ ಪದವಿ ಪಡೆದು ಹೊರಟುಹೋಗುತ್ತದೆ. ಆಗಸ್ಟಿನ ಕೊನೆಗೆ ಆರಂಭವಾಗುವ ಋತು ಡಿಸೆಂಬರಿನ ಚಳಿಯಲ್ಲಿ ಮುಗಿಯುವುದರೊಳಗೆ ಹೊಸಬರನ್ನು ಹಳಬರ ಸಮಕ್ಕೆ ತರಬೇಕು. ಹಣದ ಮಿತಿಯೂ ಬಿಗಿಯಾದದ್ದು: ಬಹುಕಾಲದವರೆಗೆ ಒಂದು ತಂಡಕ್ಕೆ 9.9 ಪೂರ್ಣ ವಿದ್ಯಾರ್ಥಿವೇತನಗಳಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ಅದನ್ನೇ ಇಪ್ಪತ್ತಕ್ಕೂ ಮಿಕ್ಕ ಹುಡುಗರಲ್ಲಿ ಅರ್ಧ, ಕಾಲು ಎಂದು ಹಂಚುವಾಗ ಯಾರಲ್ಲಿಯೂ ಅಸಮಾಧಾನ ಮೂಡದಂತೆ ನೋಡಿಕೊಳ್ಳುವುದೂ ಶಿಕ್ಷಕನ ಹೊಣೆಯೇ. ಅರ್ಜೆಂಟೀನಾದಲ್ಲಿ ಹುಟ್ಟಿದ ಆಂಜೆಲೊ ಡಿಬರ್ನಾರ್ಡೊ, ಹೊಂಡುರಾಸಿನ ಅರ್ಮಾಂಡೊ ಬೆಟಾಂಕೋರ್ಟ್ ಮೊದಲಾದವರನ್ನು ಮಧ್ಯಪಶ್ಚಿಮದ ಸ್ಥಳೀಯ ಹುಡುಗರೊಡನೆ ಒಂದು ಮನೆಯವರಂತೆ ಬೆರೆಸಿ, ಇಬ್ಬರೂ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹರ್ಮನ್ ಟ್ರೋಫಿಯನ್ನು ಪಡೆಯುವಂತೆ ಮಾಡಿದುದು ಯೇಗ್ಲಿಯವರ ಕೌಶಲವನ್ನು ಪದಕಗಳಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ.

ಅವರ ಮಗ ಟಾಡ್ 1991ರಿಂದ 1994ರ ವರೆಗೆ ತಂದೆಯ ತಂಡದಲ್ಲಿಯೇ ಆಡಿದರು. ಶಿಕ್ಷಕನ ಮಗನೆಂಬ ಸ್ಥಾನ ಸುಲಭವಾದುದಲ್ಲ. ಆಡಿದರೆ ಪಕ್ಷಪಾತವೆನ್ನುವರು, ಆಡದಿದ್ದರೆ ಅಯೋಗ್ಯನೆನ್ನುವರು. ನಾಲ್ಕು ವರ್ಷವೂ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾಗಿ, ಕೊನೆಯ ವರ್ಷ ಮಿಸೌರಿ ಅಥ್ಲೆಟಿಕ್ ಕ್ಲಬ್ಬಿನ ವರ್ಷದ ಆಟಗಾರ ಪ್ರಶಸ್ತಿಯನ್ನೂ ಪಡೆದು ಟಾಡ್ ಆ ಮಾತಿಗೆ ಎಡೆಯಿಲ್ಲದಂತೆ ಮಾಡಿದರು. ಆದರೂ ಅದೇ ವರ್ಷದ ಅಂತಿಮ ಪಂದ್ಯದಲ್ಲಿ ಬ್ರೂಸ್ ಅರೀನಾ ಅವರ ವರ್ಜೀನಿಯಾ ತಂಡ ಒಂದು ಗೋಲಿನಿಂದ ಗೆದ್ದು, ತಂದೆ ಮಕ್ಕಳು ಕೂಡಿ ಪ್ರಶಸ್ತಿ ಪಡೆಯಬಹುದಾಗಿದ್ದ ಆ ಕೊನೆಯ ಅವಕಾಶವೂ ಕೈತಪ್ಪಿತು.

2003ರ ಋತು ಹಿರಿಯ ಯೇಗ್ಲಿಯವರ ಕೊನೆಯದೆಂಬುದು ಎಲ್ಲರಿಗೂ ತಿಳಿದಿತ್ತು. ಆರಂಭದಲ್ಲಿ ತಂಡ ಎಡವುತ್ತ ಸಾಗಿತು. ಬಳಿಕ ಚೇತರಿಸಿಕೊಂಡು, ಓಹಾಯೋದ ಕೊಲಂಬಸ್ಸಿನಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾನಿಲಯವನ್ನು 2–1ರಿಂದ ಸೋಲಿಸಿ ಗುರುವಿಗೆ ಆರನೆಯ ಪ್ರಶಸ್ತಿಯನ್ನು ಒಪ್ಪಿಸಿತು. ಅವರ ಸ್ಥಾನಕ್ಕೆ ಬಂದ ಮೈಕ್ ಫ್ರೈಟಾಗ್ ಎಪ್ಪತ್ತರ ದಶಕದಲ್ಲಿ ಅವರಲ್ಲಿಯೇ ಆಡಿ, ಅನಂತರ ಅವರಿಗೇ ಸಹಾಯಕರಾಗಿದ್ದವರು. ಮೊದಲ ವರ್ಷವೇ, 2004ರಲ್ಲಿ, ಅವರೂ ರಾಷ್ಟ್ರಪ್ರಶಸ್ತಿ ಗೆದ್ದರು. ದೊಡ್ಡ ಗುರುವಿನ ತರುವಾಯ ಬರುವವರಿಗೆ ಜನ ಸಾಮಾನ್ಯವಾಗಿ ಕೊಡುವ ಮನ್ನಣೆ ಅಲ್ಪ. ಫ್ರೈಟಾಗರ ಹೆಸರು ಇಂದು ಅಪರೂಪವಾಗಿ ಕೇಳಿಬರುವುದು ಅವರಿಗೆ ಸಂದ ನ್ಯಾಯವೆಂದು ನಾನು ಒಪ್ಪಲಾರೆ.

ಇದೇ ಬಳಗದಿಂದ ಹೊರಬಿದ್ದ ಕೇಲೆಬ್ ಪೋರ್ಟರ್, ಜೆರಿಯವರ ಶಿಷ್ಯರಾಗಿ ಆಡಿ ಅಲ್ಲಿಯೇ ಸಹಾಯಕರಾಗಿ ಕಲಿತು, 2010ರಲ್ಲಿ ಆಕ್ರನ್ ವಿಶ್ವವಿದ್ಯಾನಿಲಯಕ್ಕೆ ಕಾಲೇಜು ಪ್ರಶಸ್ತಿಯನ್ನೂ, ಮುಂದೆ 2015ರಲ್ಲಿ ಪೋರ್ಟ್‌ಲೆಂಡಿಗೆ, 2020ರಲ್ಲಿ ಕೊಲಂಬಸ್ಸಿಗೆ ವೃತ್ತಿಪರ ಲೀಗಿನ ಕಪ್ಪನ್ನೂ ತಂದುಕೊಟ್ಟರು.

ಟಾಡ್ ಯೇಗ್ಲಿ ವೃತ್ತಿಪರ ಆಟ ಮುಗಿಸಿ, ಸಹಾಯಕರಾಗಿದ್ದು, ಒಂದು ಋತು ವಿಸ್ಕಾನ್ಸಿನ್ನಿನಲ್ಲಿ ಮುಖ್ಯ ಶಿಕ್ಷಕರಾಗಿ ದುಡಿದು, 2010ರ ಋತುವಿನಿಂದ ತಂದೆಯ ಪೀಠದಲ್ಲಿದ್ದಾರೆ. ವಸಂತದಲ್ಲಿ ವಿದ್ಯಾರ್ಥಿಗಳ ಪ್ರಸಿದ್ಧ ಸೈಕಲ್ ಪಂದ್ಯ ನಡೆಯುವ ಆರ್ಮ್‌ಸ್ಟ್ರಾಂಗ್ ಕ್ರೀಡಾಂಗಣವೇ ಶರತ್ಕಾಲದಲ್ಲಿ ಅವರ ತಂಡದ ಅಂಗಳ. ಅದಕ್ಕೀಗ ಜೆರಿಯವರ ಹೆಸರು ಸೇರಿದೆ. 2012ರಲ್ಲಿ ಜಾರ್ಜ್‌ಟೌನ್ ತಂಡವನ್ನು ಗೆದ್ದು ಟಾಡ್ ಎಂಟನೆಯ ಪ್ರಶಸ್ತಿ ತಂದರು. ಆಮೇಲೆ ಅವರಿಗೂ ಮೂರು ಅಂತಿಮ ಪಂದ್ಯಗಳ ಸೋಲು: 2017ರಲ್ಲಿ ಸ್ಟ್ಯಾನ್‌ಫರ್ಡಿಗೆ, ಮಹಾವ್ಯಾಧಿಯಿಂದ ಮುಂದೆ ಸರಿದು 2021ರ ಮೇ ತಿಂಗಳಲ್ಲಿ ನಡೆದ ಪಂದ್ಯದಲ್ಲಿ ಮಾರ್ಷಲ್ಲಿಗೆ, 2022ರಲ್ಲಿ 2–2 ಸಮವಾದ ಮೇಲೆ ಪೆನಾಲ್ಟಿಗಳಲ್ಲಿ ಸಿರಾಕ್ಯೂಸಿಗೆ. ಮೂರು ಸೋಲುಗಳನ್ನು ದಾಟಿದ ತಂದೆಯ ಉದಾಹರಣೆ ಅವರ ಮುಂದಿದೆ. ಕಾಲೇಜು ಸಾಕರಿನಲ್ಲಿ ಸೇಂಟ್ ಲೂಯಿಸ್ ಇನ್ನೂ ಹತ್ತು ಪ್ರಶಸ್ತಿಗಳೊಡನೆ ಮೊದಲ ಸ್ಥಾನದಲ್ಲಿದೆ. ಅದರ ಕೊನೆಯದು ಬಂದದ್ದು ಇಂಡಿಯಾನಾದ ಕ್ಲಬ್ಬು ತಂಡವಾದ 1973ರಲ್ಲಿ. ಅದನ್ನು ಸರಿಗಟ್ಟಲು ಬ್ಲೂಮಿಂಗ್ಟನ್ನಿಗೆ ಇನ್ನೆರಡು ಬೇಕು.