ಉರಗಗೃಹಗಳಲ್ಲಿ ಉಷ್ಣನಿಯಮನ

ಹಾವನ್ನು ‘ಶೀತರಕ್ತ ಪ್ರಾಣಿ’ ಎಂದು ಪಠ್ಯಪುಸ್ತಕಗಳಲ್ಲಿ ಕರೆಯುವ ವಾಡಿಕೆ ಬಹುಕಾಲದಿಂದ ನಡೆದುಬಂದಿದೆ. ಈ ಹೆಸರು ಅಷ್ಟೇನೂ ಸಮಂಜಸವಾದುದಲ್ಲ. ಬಿಸಿಲಿಗೆ ಕಾದ ಬಂಡೆಯ ಮೇಲೆ ಮೈಚಾಚಿ ಮಲಗಿದ ಕೇರೆಹಾವಿನ ರಕ್ತವು ಮನುಷ್ಯನ ರಕ್ತಕ್ಕಿಂತ ಬಹಳ ತಣ್ಣಗಿರುವುದೆಂದು ತಿಳಿಯಲಾಗದು. ಹಾವಿನ ವೈಶಿಷ್ಟ್ಯವಿರುವುದು ಬೇರೆಡೆ: ತನಗೆ ಬೇಕಾದ ಶಾಖವನ್ನು ಅದು ಒಳಗೆ ಹುಟ್ಟಿಸಿಕೊಳ್ಳಲಾರದು, ಹೊರಗಿನಿಂದ ಪಡೆಯಬೇಕು. ‘ಪರೋಷ್ಣಜೀವಿ’ ಎಂದರೆ ಅರ್ಥವು ಹೆಚ್ಚು ಸರಿಹೋಗುತ್ತದೆ.

ಈ ಶಾಖಸಂಪಾದನೆಯ ಕ್ರಮವನ್ನು ಅರಿಯಲು ಹುತ್ತವನ್ನು ನೋಡಿದರೆ ಸಾಕು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿ, ನಾಗರಹಾವಿನ ಹೆಸರನ್ನೇ ಹೊತ್ತ ನಾಗರಹೊಳೆಯ ಅಡವಿಯ ಅಂಚಿನಲ್ಲಿ, ಹುತ್ತವಿಲ್ಲದ ಊರು ವಿರಳ. ಹಳಗನ್ನಡದಲ್ಲಿ ‘ಪುತ್ತು’ ಎನಿಸಿಕೊಂಡ ಈ ಮನೆಯನ್ನು ಕಟ್ಟಿದ್ದು ಗೆದ್ದಲೇ ಹೊರತು ಹಾವಲ್ಲವೆಂಬುದು ಗಾದೆಗೂ ಗೊತ್ತು. ಅದರ ಬಾಯಿಯಲ್ಲಿ ಬಿಸಿಲು, ಆಳದಲ್ಲಿ ತಂಪು ಮತ್ತು ತೇವ. ಬೆಳಗಿನ ಹೊತ್ತು ಹಾವು ಹೊರಬಂದು ಮೈ ಕಾಯಿಸಿಕೊಳ್ಳುತ್ತದೆ. ಬಿಸಿಲೇರಿದೊಡನೆ ಒಳಗೆ ಸರಿಯುತ್ತದೆ. ಸರಿದಾಡುವುದೊಂದೇ ಅದಕ್ಕಿರುವ ಉಷ್ಣನಿಯಮನದ ಉಪಾಯ. ಪೆಟ್ಟಿಗೆಯಲ್ಲಿ ಇಟ್ಟ ಹಾವಿಗೆ ಆ ಉಪಾಯವು ತಪ್ಪಿಹೋಗುವುದರಿಂದ ಅದರ ಹೊಣೆ ಇಟ್ಟವನ ಮೇಲೆ ಬೀಳುತ್ತದೆ.

ನಮ್ಮ ದೇಶದ ನಾಗರ, ಕೊಳಕುಮಂಡಲ, ಕೇರೆ, ಹೆಬ್ಬಾವು ಮೊದಲಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿವೆ. ಅವುಗಳನ್ನು ಮನೆಯಲ್ಲಿ ಸಾಕುವುದು ಅಪರಾಧ. ಪರದೇಶಗಳಿಂದ ತಂದು ಸಾಕುವ ಹಲವು ಜಾತಿಗಳನ್ನು 2024ರ ನಿಯಮಗಳಂತೆ ನೋಂದಾಯಿಸಬೇಕು. ಆದಕಾರಣ ಇಲ್ಲಿ ಹೇಳತಕ್ಕ ವಿಚಾರವು ಮುಖ್ಯವಾಗಿ 1892ರಲ್ಲಿ ಸ್ಥಾಪಿತವಾದ ಮೈಸೂರಿನ ಮೃಗಾಲಯದಂತಹ ಸಂಸ್ಥೆಗಳಿಗೂ, ಗಾಯಗೊಂಡ ಹಾವುಗಳ ಚಿಕಿತ್ಸಾಸ್ಥಾನಗಳಿಗೂ, ವಿದೇಶೀಯ ಹಾವುಗಳನ್ನು ಕ್ರಮಬದ್ಧವಾಗಿ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ.

ಸರೀಸೃಪಗಳಿಗೆ ಶಾಖವೆಷ್ಟಿದ್ದರೂ ಹಿತವೆಂಬ ಭಾವನೆ ಹಿಂದೆ ವಿದ್ವಾಂಸರಲ್ಲಿಯೂ ಇದ್ದಿತು. 1944ರಲ್ಲಿ ಕೌಲ್ಸ್ ಮತ್ತು ಬೋಗರ್ಟ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಮರುಭೂಮಿಯ ಸರೀಸೃಪಗಳನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನವು ಈ ಭ್ರಮೆಯನ್ನು ತೊಡೆಯಿತು. ಮರುಭೂಮಿಯ ಹಾವು ಕೂಡ ನೆರಳಿಲ್ಲದ ನಡುಹಗಲಿನಲ್ಲಿ ಸಾಯುತ್ತದೆ; ಚಟುವಟಿಕೆಗೆ ಒದಗುವ ಶಾಖಕ್ಕೂ ಕೊಲ್ಲುವ ಶಾಖಕ್ಕೂ ನಡುವಣ ಅಂತರ ಕೆಲವೇ ಡಿಗ್ರಿ. ಉಷ್ಣದೇಶದ ಅನೇಕ ಹಾವುಗಳಿಗೆ 28ರಿಂದ 33 ಡಿಗ್ರಿ ಸೆಂಟಿಗ್ರೇಡ್ ಮೈಶಾಖ ಹಿತ. 40ನ್ನು ಮೀರಿದರೆ ಬದುಕುವುದು ಕಷ್ಟ. ಶಾಖ ಸಾಲದಿದ್ದರೆ ಬೇರೆ ಕೇಡು: ನುಂಗಿದ ಇಲಿ ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೆ ಹಾವು ಅದನ್ನು ಕಕ್ಕುತ್ತದೆ.

ಮುಚ್ಚಿದ ಕೋಣೆಯಲ್ಲಿ ಶಾಖವನ್ನು ಆಳುವ ವಿದ್ಯೆಯು ಈ ಪ್ರಾಂತದ ರೈತರಿಗೆ ಅಪರಿಚಿತವಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ತಂಬಾಕು ಬ್ಯಾರನ್‌ಗಳಲ್ಲಿ ಹಸಿಯೆಲೆಯನ್ನು ಮೊದಲು 40 ಡಿಗ್ರಿಯೊಳಗೆ ಹಳದಿಗೆ ತಿರುಗಿಸಿ, ಮೆಲ್ಲಮೆಲ್ಲನೆ ಕಾವೇರಿಸಿ, ಕೊನೆಗೆ ದಿಂಡು ಒಣಗಲೆಂದು 70ರ ಸಮೀಪಕ್ಕೆ ಒಯ್ಯುತ್ತಾರೆ. ಕಾವು ಅವಸರದಿಂದ ಏರಿದರೆ ಎಲೆ ಕೆಟ್ಟಿತು. ಒಣಗಿದ ಎಲೆ ಕಾದ ಕೊಳವೆಯ ಮೇಲೆ ಉದುರಿದರೆ ಬ್ಯಾರನ್ನೇ ಉರಿದೀತು. ಉಷ್ಣಮಾಪಕವನ್ನು ನಂಬಬೇಕು, ಕಾದ ವಸ್ತುವನ್ನು ಮರೆಮಾಡಬೇಕು ಎಂಬೆರಡು ಪಾಠಗಳು ಉರಗಗೃಹಕ್ಕೂ ಸಲ್ಲುತ್ತವೆ. ಭೇದವೂ ಒಂದುಂಟು, ಅದು ದೊಡ್ಡದು. ಬ್ಯಾರನ್ನಿನಲ್ಲಿ ಕಾವು ಎಲ್ಲೆಡೆಯೂ ಸಮನಾಗಿರಬೇಕು. ಹಾವಿನ ಮನೆಯಲ್ಲಿ ಸಮನಾಗಿರಲೇಬಾರದು. ಒಂದು ಕೊನೆಯಲ್ಲಿ 32 ಡಿಗ್ರಿಯಷ್ಟು, ಇನ್ನೊಂದರಲ್ಲಿ 25ರಷ್ಟು ಇದ್ದು, ಎರಡೂ ಕಡೆ ಅಡಗುವ ತಾಣವಿದ್ದರೆ ಹಾವು ತನ್ನ ಹದವನ್ನು ತಾನೇ ಆರಿಸಿಕೊಳ್ಳುತ್ತದೆ. ಅಡಗುತಾಣವು ಬಿಸಿಯ ಕಡೆ ಮಾತ್ರ ಇದ್ದರೆ, ಅಂಜಿದ ಹಾವು ಬೇಯುತ್ತಿದ್ದರೂ ಅಲ್ಲಿಂದ ಕದಲದು.

ವಿದ್ಯುತ್ತಿನ ಶಾಖೋಪಕರಣಕ್ಕೆ ಉಷ್ಣನಿಯಂತ್ರಕ ಅತ್ಯಗತ್ಯ. ನಿಗದಿಯಾದ ಮಟ್ಟ ಮುಟ್ಟಿದೊಡನೆ ಅದು ಪ್ರವಾಹವನ್ನು ತಡೆಯುತ್ತದೆ. ಆದರೆ ಅದರ ಸಂವೇದಕವು ತಾನಿರುವ ಸ್ಥಳದ ಶಾಖವನ್ನಲ್ಲದೆ ಬೇರೇನನ್ನೂ ಅರಿಯದು. ಹಾವು ಅದನ್ನು ಎಳೆದು ತಣ್ಣನೆಯ ಮೂಲೆಗೆ ಹಾಕಿದರೆ ಉಪಕರಣವು ಎಡೆಬಿಡದೆ ಕಾಯುತ್ತಲೇ ಇರುತ್ತದೆ. ಸಂವೇದಕವನ್ನು ಬಿಸಿಯ ಕೊನೆಯಲ್ಲಿ ಭದ್ರವಾಗಿ ಬಿಗಿದು, ಬೇರೊಂದು ಉಷ್ಣಮಾಪಕದಿಂದ ಪರೀಕ್ಷಿಸುತ್ತಿರಬೇಕು. ದೀಪಕ್ಕೆ ತಂತಿಯ ಪಂಜರ ಹಾಕತಕ್ಕದ್ದು. ಒಳಗಿಡುವ ‘ಬಿಸಿಕಲ್ಲು’ಗಳನ್ನು ವರ್ಜಿಸುವುದೇ ಲೇಸು: ಹೊಟ್ಟೆಯಡಿಯ ಚರ್ಮ ಸುಡುವವರೆಗೂ ಹಾವು ಅದರ ಮೇಲೆ ಬಿದ್ದುಕೊಂಡಿರುವುದುಂಟು.

ಹೆಬ್ಬಾವು ಈ ವಿಷಯದಲ್ಲಿ ಒಂದು ಸೋಜಿಗದ ಅಪವಾದ. ಮೊಟ್ಟೆಗಳನ್ನು ಸುತ್ತಿಕೊಂಡ ಹೆಣ್ಣು ಸ್ನಾಯುಗಳನ್ನು ನಡುಗಿಸಿ ಕಾವನ್ನು ತಾನೇ ಉಂಟುಮಾಡುತ್ತದೆ. ಪ್ಯಾರಿಸ್ಸಿನಲ್ಲಿ ವಾಲೆನ್ಸಿಯೆನ್ ಎಂಬ ವಿಜ್ಞಾನಿಯು ಇದನ್ನು ಉಷ್ಣಮಾಪಕದಿಂದ ಅಳೆದು 1841ರಲ್ಲಿ ವರದಿಮಾಡಿದನು. ಮಿಕ್ಕ ಕಾಲದಲ್ಲಿ ಅದೂ ಪರೋಷ್ಣಜೀವಿಯೇ.

ಹಳ್ಳಿಮನೆಗಳಲ್ಲಿ ಹಿಡಿದ ಹಾವನ್ನು ಕಾಡಿಗೆ ಒಯ್ಯುವಾಗಲೂ ಇದೇ ನಿಯಮ. ಬಟ್ಟೆಯ ಚೀಲದಲ್ಲಿರುವ ಹಾವಿಗೆ ಸರಿಯಲು ಎಡೆಯೇ ಇಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ವಾಹನದೊಳಗೆ ಅದನ್ನು ಬಿಟ್ಟುಹೋದರೆ ಸ್ವಲ್ಪ ಹೊತ್ತಿನಲ್ಲಿಯೇ ಸಾಯಬಹುದು. ಚೀಲವನ್ನು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟು, ಬಿಸಿಲೇರುವ ಮುನ್ನ ಅರಣ್ಯ ಇಲಾಖೆಯವರು ತೋರಿದ ಸ್ಥಳಕ್ಕೆ ಸಾಗಿಸತಕ್ಕದ್ದು.